ಶಾಮಣ್ಣನವರ ಬೇಟೆ ಚೂರಿ

ಇದು ಕಟ್ಟುಕತೆಯಲ್ಲ. ದಹಿಸರ್‌ನ ನಮ್ಮ ಚಾಳಿನಲ್ಲಿ, ಗೋಡೆಯಾಚೆಯ ಖೋಲಿಯಲ್ಲಿದ್ದ ಸಾಯಬಣ್ಣನಿಗೆ ಎಂಬತ್ತಾರನೇ ಇಸವಿಯಲ್ಲಿ ಆದದ್ದು.

ಕೊನೆಯ ಲೋಕಲ್ ರೈಲು ಇಳಿದು ಹಳೇ ಬಾವಿಯ ದಾರಿ ಹಿಡಿದಿದ್ದ. ಕಂಕುಳಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಚೂರಿ. ಗಾಳಿ ಇರಲಿಲ್ಲ. ಆದರೂ ಬಾವಿಯ ರಾಟೆ ಕಿರ್... ಕಿರ್... ಎನ್ನುತ್ತಿತ್ತು.

ಚೂರಿ ಮಾಡಿಸಿದವರು ಮಾಟುಂಗದ ಶಾಮಣ್ಣ. ಮೈಸೂರು ಕಡೆಯವರು, ರಿಟೈರಾದ ಆಫೀಸರು, ಹರೆಯದಲ್ಲಿ ಕಾಡು ಸುತ್ತಿದವರು. ಸಾಯಬಣ್ಣನ ಕಾಂದಿವಲಿ ಶೆಡ್ಡನ್ನು ಹುಡುಕಿಕೊಂಡು ಬಂದು, ಜೋಪಾನ ಮಾಡಿಟ್ಟಿದ್ದ ಕಡವೆ ಕೊಂಬನ್ನು ಕೊಟ್ಟು ಹೇಳಿದ್ದರು: "ಹಿಡಿಗೆ ಇದನ್ನೇ ಹಾಕಪ್ಪ. ಬೇಟೆಗೆ ಹೋಗೋ ವಯಸ್ಸಲ್ಲ. ಕೈಯಲ್ಲಿ ಹಿಡ್ಕೊಂಡು ಕೂತ್ಕೋಬೇಕು, ಅಷ್ಟೆ."

ಸಾಯಬಣ್ಣ ಕಲಬುರ್ಗಿ ಕಡೆಯ ಕಮ್ಮಾರ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ ಕಾಯಿಸಿ ಬಡಿದ. ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟ. ಮುದುಕರ ಮುಷ್ಟಿಯ ಅಳತೆಗೆ ಕೊಂಬು ಕೊರೆದ. ಸಾಣೆಯೊಂದು ಬಾಕಿ. ಬೇಟೆ ಚೂರಿಗೆ ಒಡೆಯನ ಎದುರಿಗೇ ಸಾಣೆ ಹಿಡಿಯಬೇಕೆಂಬುದು ಅವನಪ್ಪ ಹೇಳಿಕೊಟ್ಟ ಕಟ್ಟಳೆ. ಒಡೆಯನಿಲ್ಲದೆ ಹರಿತವಾದ ಚೂರಿ ತನ್ನನ್ನು ಮಾಡಿದವನ ಮನೆಯಲ್ಲೇ ಮೊದಲ ರಕ್ತ ಹುಡುಕುತ್ತದಂತೆ.

ಶನಿವಾರ ಬರುತ್ತೇನೆಂದ ಶಾಮಣ್ಣ ಬರಲಿಲ್ಲ. ಚೂರಿ ನೋಡಿದಷ್ಟೂ ಸಾಯಬಣ್ಣನ ಕೈ ತುರಿಸುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇದು ಹೆಗ್ಗಣವಲ್ಲ, ನಿಜಕ್ಕೂ ಚೆಲುವಾಗಿತ್ತು. ಸೋಮವಾರ ತಡೆಯಲಾಗದೆ ಸಾಣೆ ಹಿಡಿದೇಬಿಟ್ಟ, ಪುಣ್ಯಾತ್ಮ! ಮುಂಗೈಗೆ ಸೋಕಿಸಿದರೆ ಸಾಕು, ಕೂದಲು ಉದುರುತ್ತಿತ್ತು. ತಾನೇ ಒಯ್ದು ಕೊಡೋಣವೆಂದು ಆ ಸಂಜೆ ಮಾಟುಂಗಕ್ಕೆ ಹೋದರೆ, ಶಾಮಣ್ಣನವರ ಮಗಳು ವನಮಾಲಾ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. "ಅಪ್ಪ ಶುಕ್ರವಾರವೇ ಹೋಗ್ಬಿಟ್ರು. ಅದನ್ನ ಒಳಗೆ ತರ್ಬೇಡಿ, ದಮ್ಮಯ್ಯ."

ಇತ್ತ ಮನೆಯಲ್ಲಿ ಹೆಂಡತಿ ದೇವಕ್ಕ ಎಂಟು ತಿಂಗಳ ಬಸುರಿ. ಚೂರಿ ಹಿಡಿದು ಮನೆಗೆ ಹೋಗಲು ಧೈರ್ಯ ಸಾಲದೆ ಸ್ಟೇಷನ್ನಿನಲ್ಲೇ ಕೂತು ಕೂತು ಕೊನೆಯ ಲೋಕಲ್ ಹತ್ತಿದ್ದ. ಬಾವಿಗೆ ಎಸೆದುಬಿಡಬೇಕೆಂದೇ ಈ ದಾರಿ ಹಿಡಿದದ್ದು.

ಕಟ್ಟೆ ಸಮೀಪಿಸಿದಂತೆ ರಾಟೆಯ ಸದ್ದು ನಿಂತಿತು. ಹಿಂದಿನಿಂದ ಬೂಟಿನ ಸಪ್ಪಳ. ಚರಕ್... ಚರಕ್... ಬೆನ್ನ ಹತ್ತಿರ ಬಂದು ಅದೂ ನಿಂತಿತು.

"ಸಾಯಬಣ್ಣ... ಸಾಣೆ ಹಿಡಿದ್ಯೇನಪ್ಪ?"

ಶಾಮಣ್ಣನವರದೇ ದನಿ. "ಇಲ್ರೀ ಸಾಹೇಬ್ರ... ನಿಮ್ಮ ಮುಂದ ಹಿಡೀಬೇಕಲ್ರಿ."

"ಎಲ್ಲಿ, ಕೊಡು."

ತಿರುಗದೆಯೇ ಗಂಟನ್ನು ಹಿಂದಕ್ಕೆ ಚಾಚಿದ. ಗೋಣಿತಟ್ಟು ಬಿಚ್ಚಿದ ಸದ್ದು. ಆಮೇಲೆ, ಅಲಗಿನ ಮೇಲೆ ಹೆಬ್ಬೆರಳು ಹಾಯಿಸಿದ ಸದ್ದು... ಸುರ್ರ್...

"ಸುಳ್ಳು ಹೇಳ್ದೆ."

ಸಾಯಬಣ್ಣ ಅಲ್ಲೇ ಮಂಡಿಯೂರಿದ. "ತಪ್ಪಾತ್ರಿ ಯಪ್ಪಾ. ಆಕಿ ಬಸುರಿ ಅದಾಳ್ರಿ. ನಮ್ಮ ಮನಿಗಿ ಬರಬ್ಯಾಡ್ರಿ. ತಪ್ಪು ಮಾಡಿದ್ದು ಈ ಕೈ... ಈ ಕೈನೇ ತಗೋರಿ."

ಬಲಗೈ ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿದ. ತಣ್ಣಗಿನದೇನೋ ಅಂಗೈಯನ್ನು ಹಿಡಿಯಿತು. ಒಂದು ಗಳಿಗೆ... ಬಿಟ್ಟಿತು.

ಕಣ್ಣು ಬಿಟ್ಟರೆ ನೆಲದ ಮೇಲೆ ಬರೀ ಗೋಣಿತಟ್ಟು. ಕೈಮೇಲೆ ಒಂದು ಗೀರೂ ಇಲ್ಲ. ಓಡಿ ಬಂದು ಬಾಗಿಲು ಬಡಿದಾಗ ದೇವಕ್ಕ ನಿದ್ದೆಗಣ್ಣಲ್ಲಿ ಬೈಯುತ್ತಲೇ ತೆರೆದಳು. ಆ ಬೈಗುಳ ಕೇಳಿ ಅವನು ಮಗುವಿನ ಹಾಗೆ ಅತ್ತ. ಮುಂದಿನ ತಿಂಗಳು ಹೆಣ್ಣು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ನಮ್ಮ ಮನೆಗೂ ಪೇಡೆ ಬಂತು.

ಆದರೆ ಅದಾದ ಕೆಲವೇ ದಿನಕ್ಕೆ ಸಾಯಬಣ್ಣ ಚೂರಿ, ಕೊಡಲಿ ಮಾಡುವುದನ್ನೇ ಬಿಟ್ಟ. ಬಾಗಿಲ ಚಿಲಕ, ಕೊಂಡಿ ಮಾಡಿಕೊಂಡಿದ್ದ. ಯಾಕೆ ಅಂತೀರಾ? ನಂಬದಿದ್ದರೆ ನಮ್ಮಲ್ಲಿಗೆ ಬನ್ನಿ. ದೇವಕ್ಕನ ಬಾಣಂತನದ ಹೊತ್ತಿಗೆ ಅವನು ಅದೇ ಬಲಗೈಯಿಂದ ನಮಗೆ ಮಾಡಿಕೊಟ್ಟ ಈಳಿಗೆ ಇನ್ನೂ ಅಡುಗೆಮನೆಯಲ್ಲಿದೆ. ಬೇರೆಯವರ ಹತ್ತಿರ ಮೂರು ಸಲ ಸಾಣೆ ಹಿಡಿಸಿದ್ದೇವೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ಎಳೇ ಸೌತೆಕಾಯಿ ಒತ್ತಿದರೂ ಜಜ್ಜಿಹೋಗುತ್ತದೆ, ಹೆಚ್ಚುವುದಿಲ್ಲ.