ಬಂಪರ್ ಕೆಳಗಿನ ಕೊಕ್ಕೆ

ಗ್ಯಾರೇಜಿನ ಬೆಂಚಿನ ಮೇಲೆ ಸ್ಕೂಟರಿಗಾಗಿ ಕಾಯುತ್ತಿದ್ದೆ. ಎದುರಿಗಿದ್ದ ಎಸ್‌ಯುವಿಯ ಅಡಿಯಿಂದ ಮೆಕ್ಯಾನಿಕ್ ತೆವಳಿಕೊಂಡು ಹೊರಬಂದ. ಪಕ್ಕದಲ್ಲೇ ನಿಂತಿದ್ದ ಒಡತಿ ಕೇಳಿದರು:

“ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಟ್ರೇಲರ್ ಎಳೆಯೋ ಕೊಕ್ಕೆ ಕಂಪನಿಯವರೇ ಹಾಕಿದ್ದಾ?”

“ಹೌದು ಮೇಡಂ. ಕೊಕ್ಕೆ, ಲೈಟಿನ ಸಾಕೆಟ್ಟು, ಎಲ್ಲಾ ಫ್ಯಾಕ್ಟರಿದೇ. ಬೋಲ್ಟಿಗೆ ಸ್ಪ್ಯಾನರ್ ತಾಗಿದ ಗುರುತೂ ಇಲ್ಲ.”

“ಅಯ್ಯೋ, ಕೆಲಸ ಕೆಟ್ತು! ಎಳೆಯೋಕಾಗಲ್ಲ ಅಂತ ಬರೆದುಕೊಡಿ.”

“ಯಾಕೆ ಮೇಡಂ?”

“ನಮ್ಮ ಭಾವನೋರು ವರ್ಷಕ್ಕೆರಡು ಸಲ ಮನೆ ಬದಲಾಯಿಸ್ತಾರೆ. ಗೊತ್ತಾದ್ರೆ ಅವರ ಮಂಚ, ಬೀರು ಎಲ್ಲಾ ನಮ್ಮ ಗಾಡಿ ಬಾಲಕ್ಕೇ. ನಮ್ಮೆಜಮಾನ್ರೋ, ಅಣ್ಣ ಅಂದ್ರೆ ಸಾಕು, ಕರಗಿಹೋಗ್ತಾರೆ. ಅವರಿಗೆ ಹೇಳ್ಬೇಡಿ.”

“ಅವರು ಬೆಳಿಗ್ಗೇನೇ ಫೋನ್ ಮಾಡಿದ್ರಲ್ಲಾ.”

“ಏನಂದ್ರು?”

“ಕೊಕ್ಕೆ ಇದ್ರೆ ಬಿಚ್ಚಿ ಅಟ್ಟಕ್ಕೆ ಹಾಕು, ನಮ್ಮನೆಯವಳಿಗೆ ಹೇಳ್ಬೇಡ ಅಂದ್ರು. ನಿಮ್ಮ ತಮ್ಮ ದೋಣಿ ತಗೊಂಡಿದಾರಂತೆ. ಅದನ್ನ ಎಳ್ಕೊಂಡು ಹೋಗೋಕೆ ಗಾಡಿ ಕೇಳ್ತಾರೆ ಅಂತ ಅವರಿಗೆ ಭಯ.”

ಆಕೆ ಅವನ ಕೈಯಿಂದ ಕೀ ಕಸಿದುಕೊಂಡರು.

“ಒಂದು ಬೋಲ್ಟು ಮುಟ್ಟಿ ನೋಡಿ, ಆಮೇಲಿದೆ! ನನ್ನ ತಮ್ಮ ಬಾಯ್ಬಿಟ್ಟು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?”

ಗಾಡಿ ಹತ್ತಿ ಹೊರಟೇಬಿಟ್ಟರು.