ಬೆರಳು ಹೋದ ಊರಲ್ಲೇ ವಿಚಾರಣೆ

ಉತ್ತರ ಡಕೋಟಾದ ಈ ಫೆಡರಲ್ ಕೋರ್ಟಿನಲ್ಲಿ ನನ್ನನ್ನು ಕೇಳದೆ ಯಾವ ಜಡ್ಜೂ ತೀರ್ಪು ಕೊಡುವುದಿಲ್ಲ. ಮೊನ್ನೆ ಇಲ್ಲಿನ ಪಡಸಾಲೆಯ ಬೆಂಚಿನಲ್ಲಿ ಕೂತಿದ್ದಾಗ, ಪಕ್ಕದಲ್ಲೇ ಆರ್ಲಿಸ್ ಎಂಬಾಕೆ ತನ್ನ ವಕೀಲರನ್ನು ಕೇಳುತ್ತಿದ್ದಳು.

“ಹಾಗಾದ್ರೆ ಕೇಸಿಗೆ ಫ್ಲೋರಿಡಾಕ್ಕೆ ಹೋಗ್ಬೇಕಾಗಿಲ್ವಾ?”

“ಇಲ್ಲಮ್ಮ. ಕಂಪನಿ ಬೇರೆ ರಾಜ್ಯದ್ದು, ಫ್ಲೋರಿಡಾದ್ದು, ಅದಕ್ಕೇ ಕೇಂದ್ರ ಸರ್ಕಾರದ ಈ ಫೆಡರಲ್ ಕೋರ್ಟು. ಆದ್ರೆ ಅವರ ಯಂತ್ರ ನಿಮ್ಮ ಬೆರಳು ತಿಂದಿದ್ದು ಇಲ್ಲಿ. ವಿಚಾರಣೆನೂ ಇಲ್ಲೇ ಅಂದ್ರು ಜಡ್ಜು.”

“ಬದುಕಿಸಿದ್ರಿ! ನಮ್ಮನೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರನ್ನ ಬಿಟ್ಟು ಹೋಗೋದಕ್ಕಿಂತ ಕೇಸೇ ಬಿಡ್ತಿದ್ದೆ.”

“ನಿಮ್ಮ ಆಲೂಗಡ್ಡೆ ರೊಟ್ಟಿ ಕಳಿಸಿ, ಸಾಕು.”

“ಒಂಬತ್ತು ಬೆರಳಲ್ಲೇ ನೂರು ಲಟ್ಟಿಸ್ತೀನಿ!”

ಎದ್ದವಳು ನನ್ನತ್ತ ತಿರುಗಿದಳು. “ನೀವೂ ತಲೆ ಆಡಿಸ್ತಿದ್ರಿ. ಕೋರ್ಟಿನವರಾ? ನಿಮಗೂ ಥ್ಯಾಂಕ್ಸ್ ಸ್ವಾಮಿ.”

“ಅಲ್ಲಮ್ಮ,” ಎಂದೆ, “ಬಸ್ಸು ಬರೋವರೆಗೆ ಚಳಿಗೆ ಒಳಗೆ ಬಂದು ಕೂತಿದ್ದೀನಿ.”

ಇಬ್ಬರೂ ನಗುತ್ತಾ ಹೊರಟರು.