ಹಾಸಿಗೆ ಅಂಗಡಿಯ ಕೆಂಪು ದೀಪ

ಅಧ್ಯಕ್ಷ ಸ್ಥಾನದಲ್ಲಿರುವ ಪಾದ್ರಿಗಳೇ, ರೇಡಿಯೊ ಸಂಸ್ಥೆಯ ಕಡೆಯಿಂದ ದೂರದ ಊರುಗಳಿಂದ ಬಂದಿರುವ ಹಿರಿಯರೇ, ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕುಳಿತಿರುವ ಸನ್ಮಾನಿತರೇ, ಕೊನೆಯ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ನನ್ನ ಅಂಗಡಿಯ ಕೆಲಸಗಾರರೇ, ಮತ್ತು ಸಭಿಕರೇ,

ಕಟ್ಟಡದ ಮಾಲೀಕರು ಎರಡು ಮಾತಾಡಬೇಕು ಎಂದು ಪಾದ್ರಿಗಳು ಅಪ್ಪಣೆ ಮಾಡಿದ್ದಾರೆ. ನಾನು ಹಾಸಿಗೆ ಹೊಲಿಯುವವನು. ನನ್ನ ಕಸುಬು ಜನರನ್ನು ಮಲಗಿಸುವುದು. ಭಾಷಣದಲ್ಲೂ ಅದೇ ಆದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಸಭಿಕರೇ, ನನ್ನ ಅಂಗಡಿಯ ಮೇಲಿನ ಕೋಣೆಯನ್ನು ಈ ಸಂಸ್ಥೆಯವರು ಬಾಡಿಗೆಗೆ ಹಿಡಿದಾಗ ನಾನಿನ್ನೂ ಮೀಸೆ ತಿರುವುವ ವಯಸ್ಸಿನವನು. ಅಲ್ಲಿ ತಮ್ಮ ದೇವರ ಮಾತನ್ನು ಟೇಪಿನಲ್ಲಿ ತುಂಬಿ, ಯಾವುದೋ ದ್ವೀಪದ ದೊಡ್ಡ ಕಂಬದಿಂದ ಇಡೀ ಖಂಡಕ್ಕೆ ಕೇಳಿಸುವುದು ಅವರ ಕೆಲಸ. ಈ ಖಂಡದಲ್ಲಿ ದೇವರಿಗೇನು ಬರವೇ? ಬೆಟ್ಟಕ್ಕೊಂದು, ಬಯಲಿಗೊಂದು, ಹೆಸರಿಲ್ಲದ ದೇವರೂ ಇದ್ದಾರೆ, ದೇವರೇ ಬೇಡವೆನ್ನುವ ಸನ್ಯಾಸಿಗಳೂ ಇದ್ದಾರೆ. ಇವರೆಲ್ಲರಿಗೂ ನನ್ನ ಮಾಳಿಗೆಯಿಂದ ಸುವಾರ್ತೆ! ಎಷ್ಟು ಜನ ಆ ಕಡೆ ತಿರುಗಿದರೋ ನನಗೆ ಗೊತ್ತಿಲ್ಲ. ನಾನಂತೂ ತಿರುಗಲಿಲ್ಲ. ಒಮ್ಮೆ ಪಾದ್ರಿಗಳು ಕೆಳಗಿಳಿದು ಬಂದು, "ನೀವೂ ಒಂದ್ಸಲ ಯೋಚನೆ ಮಾಡ್ಬಹುದಲ್ಲ?" ಎಂದರು. "ನಿಮ್ಮ ದೇವರಿಗೆ ಹಾಸಿಗೆ ಬೇಕಾದ್ರೆ ಹೇಳಿ, ಒಳ್ಳೇ ಹತ್ತಿ ಹಾಕಿ ಕೊಡ್ತೀನಿ" ಎಂದೆ. ಪಾದ್ರಿಗಳು ನಕ್ಕರು. ಅವತ್ತಿನಿಂದ ನಾವು ಸ್ನೇಹಿತರು.

ಹಾಗೆ ನೋಡಿದರೆ, ಹೊರಗಿನ ಸದ್ದು ಬಾರದಂತೆ ಆ ಕೋಣೆಯ ಗೋಡೆಗೆಲ್ಲ ಹಾಸಿಗೆ ಹೊಡೆದುಕೊಟ್ಟವನು ನಾನೇ. ಗೋಡೆಯ ಸದ್ದು ನಿಂತಿತು, ನೆಲದ ಸದ್ದು ನಿಲ್ಲಲಿಲ್ಲ. ಕೆಳಗೆ ನಾವು ಹತ್ತಿ ಹಿಂಜುವ ಬಿಲ್ಲನ್ನು ಮೀಟಿದರೆ ಮೇಲೆ ದೇವರ ಮಾತಿನ ನಡುವೆ ಟೊಂಯ್ ಎನ್ನುತ್ತಿತ್ತು. ಅದಕ್ಕೇ ನನ್ನ ಅಂಗಡಿಯಲ್ಲಿ ಒಂದು ಕೆಂಪು ದೀಪ ನೇತುಹಾಕಿ, ಅದರ ಗುಂಡಿಯನ್ನು ಮೇಲಿಟ್ಟುಕೊಂಡರು. ದೀಪ ಹತ್ತಿದರೆ ಬಿಲ್ಲು ಕೆಳಗೆ. ಆರಿದರೆ ಬಿಲ್ಲು ಕೈಗೆ. ನಮ್ಮ ಕೆಲಸಗಾರರು ಚಹಾ ಕುಡಿಯುವ ಹೊತ್ತನ್ನು ಇಷ್ಟು ವರ್ಷ ನಿರ್ಧರಿಸಿದ್ದು ಪಾದ್ರಿಗಳ ದೇವರೇ.

ಒಂದು ದಿನ ದೀಪ ಹತ್ತಿದ್ದು ಆರಲೇ ಇಲ್ಲ. ಆಸ್ಪತ್ರೆಯ ಹಾಸಿಗೆಗಳು ಸಂಜೆಗೆ ಹೋಗಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. "ಮೇಲೆ ಹೋಗಿ ಚೆನ್ನಾಗಿ ದಬಾಯಿಸಿ ಬಾ" ಎಂದು ನನ್ನ ತಂಗಿಯನ್ನು ಕಳಿಸಿದೆ. ಅವಳು ಬಾಯಿ ತೆರೆದರೆ ಬೀದಿಯ ನಾಯಿಗಳೂ ಬಾಲ ಮುದುರುತ್ತಿದ್ದವು. ಹೋದವಳು ತಡವಾಗಿ ಬಂದಳು. "ಜಗಳ ಆಡೋ ಗಂಟಲೇ ಇಷ್ಟು ಚೆನ್ನಾಗಿದ್ರೆ, ಓದೋಕೆ ಹೇಗಿರತ್ತೆ ಅಂತ ಕೇಳಿದ್ರು. ಓದಿ ಬಂದೆ" ಎಂದಳು. ಆ ತಂಗಿಯೇ ಇಂದಿನ ಸನ್ಮಾನಿತರು.

ಅವರ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಮಾತಾಡಬಲ್ಲೆ. ಏಕೆಂದರೆ ನಮ್ಮಿಬ್ಬರಿಗೂ ಮಾತಿಲ್ಲ. ಮೊದಲು ಅವರು ಓದಿದರು, ಆಮೇಲೆ ಓದಿದ್ದನ್ನು ನಂಬಿದರು, ಆಮೇಲೆ ನೀರಿನಲ್ಲಿ ಮುಳುಗಿ ಎದ್ದು ಆ ಧರ್ಮಕ್ಕೆ ಸೇರಿದರು. ನಮ್ಮಪ್ಪ ಹೊಸ್ತಿಲಲ್ಲಿ ನಿಂತು, "ಇನ್ನು ಅವಳ ಜೊತೆ ಈ ಮನೆಯೋರು ಯಾರಾದ್ರೂ ಮಾತಾಡಿದ್ರೆ ನನ್ನ ಹೆಣ ನೋಡ್ತೀರಿ" ಎಂದರು. ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟ ಮಾತು ಕೊಟ್ಟದ್ದೇ. ಅಪ್ಪ ತಮ್ಮ ಕಾಲಕ್ಕೆ ತಾವು ಹೋದರು, ಮಾತು ಮಾತ್ರ ನನ್ನ ಬಳಿ ಉಳಿಯಿತು.

ನಮ್ಮಮ್ಮನ ಬುದ್ಧಿವಂತಿಕೆಯೇ ಬೇರೆ. ಬೆಳಗಾದರೆ ರೇಡಿಯೊ ಹಚ್ಚುತ್ತಿದ್ದಳು. "ಏನಮ್ಮಾ ಇದು?" ಎಂದರೆ, "ಮಾತಾಡ್ಬೇಡ ಅಂದ್ರು. ಕೇಳ್ಬೇಡ ಅಂದಿಲ್ವಲ್ಲ! ಅವಳು ನಂಬೋದು ಅವಳಿಗೆ ಬಿಟ್ಟಿದ್ದು. ಗಂಟಲು ನಾನು ಹೆತ್ತದ್ದು" ಎನ್ನುತ್ತಿದ್ದಳು. ಪಾಪ, ಪುಣ್ಯ, ಪರಲೋಕ ಯಾವುದೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. "ಹುಡುಗಿಗೆ ನೆಗಡಿ ಆಗಿದೆ ಕಣೋ, ಶುಂಠಿ ಇಟ್ಟು ಬಾ" ಎಂದಷ್ಟೇ ಹೇಳುತ್ತಿದ್ದಳು. ನಾನು ಶುಂಠಿಯನ್ನು ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದೆ. ಶುಂಠಿ ಇಡುವುದು ಮಾತಾಡಿದಂತಲ್ಲ.

ವಿಷಯಾಂತರವಾಯಿತೇ? ಪಾದ್ರಿಗಳು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ.

ಅಮ್ಮ ತೀರಿಕೊಂಡದ್ದು ಒಂದು ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆಯಲ್ಲಿ. ನಾನು ಹೊರಗೆ ಬಂದು ನೋಡಿದರೆ ಕೆಂಪು ದೀಪ ಹತ್ತಿತ್ತು. ಮೇಲೆ ಸನ್ಮಾನಿತರು ಓದುತ್ತಿದ್ದರು. ಹೇಳುವುದು ಹೇಗೆ? ಹೇಳುವುದಕ್ಕೆ ನನಗೆ ಬಾಯಿಲ್ಲ. ಬೇರೆ ಯಾರನ್ನಾದರೂ ಕಳಿಸಲು ಮನಸ್ಸಿಲ್ಲ. ಬಿಲ್ಲು ತೆಗೆದುಕೊಂಡೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ದೀಪ ಹತ್ತಿರುವಾಗ, ಬಲವಾಗಿ ಮೀಟಿದೆ. ಮತ್ತೆ ಮೀಟಿದೆ. ಓದು ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿಯಿಲ್ಲದ ಕಾಲಿನ ಸದ್ದು ಕೇಳಿತು. ಅವರು ಒಳಗೆ ಬಂದು ಅಮ್ಮನ ತಲೆಯ ಬಳಿ ಕುಳಿತರು. ಯಾರೂ ಬಾ ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ನನಗೆ ಅಳು ಬಂತು, ಅಷ್ಟೆ.

ಗಡಿಬಿಡಿಯಲ್ಲಿ ಆ ಟೇಪನ್ನು ಯಾರೂ ಸರಿಮಾಡಲಿಲ್ಲವಂತೆ. ಹಾಗೇ ದ್ವೀಪಕ್ಕೆ ಹೋಯಿತು, ಹಾಗೇ ಬಿತ್ತರವಾಯಿತು. ಮರುಭೂಮಿಯವರೂ ಮಂಜಿನ ನಾಡಿನವರೂ ದೇವರ ಮಾತಿನ ನಡುವೆ ನನ್ನ ಬಿಲ್ಲಿನ ಸದ್ದು ಕೇಳಿದರು. ಅವರು ಅದನ್ನು ಏನೆಂದು ತಿಳಿದರೋ!

ಸಭಿಕರೇ, ಇನ್ನು ಧ್ವನಿಮುದ್ರಣವೆಲ್ಲ ದೊಡ್ಡ ಊರಿನಲ್ಲಂತೆ. ನಿನ್ನೆ ದೀಪ ಬಿಚ್ಚಿಕೊಂಡು ಹೋದರು. ಸನ್ಮಾನಿತರು ನಿವೃತ್ತರಾಗಿ ನಾಳೆ ಸಂಸ್ಥೆಯ ವಿಶ್ರಾಂತಿಧಾಮಕ್ಕೆ ಹೊರಡುತ್ತಾರೆ. ರೈಲಿನಲ್ಲಿ ಎರಡು ದಿನದ ದಾರಿ. ನಾನು ಈ ಭಾಷಣಕ್ಕೆ ಒಪ್ಪಿದಾಗ ಪಾದ್ರಿಗಳಿಗೆ ಆಶ್ಚರ್ಯವಾಯಿತು. ಆಶ್ಚರ್ಯವೇಕೆ? ನಾನು ಅಮ್ಮನ ಮಗನಲ್ಲವೇ? ಅಪ್ಪ ಮಾತಾಡಬೇಡ ಎಂದಿದ್ದರು. ಭಾಷಣ ಮಾಡಬೇಡ ಎಂದಿರಲಿಲ್ಲ.

ಆದ್ದರಿಂದ ಈ ಮೈಕಿನ ಮೂಲಕ, ಸಭೆಯ ಪರವಾಗಿ, ಸನ್ಮಾನಿತರಿಗೆ ಒಂದು ಪ್ರಶ್ನೆ.

ಪುಟ್ಟೀ, ಊಟ ಮಾಡಿದ್ಯಾ?

ಉತ್ತರವನ್ನು ವೇದಿಕೆಯ ಮೇಲೆ ಹೇಳಬೇಕಾಗಿಲ್ಲ. ಅಂಗಡಿಗೆ ಬಂದು ಹೇಳಿದರೆ ಸಾಕು. ದೀಪ ಇಲ್ಲದಿದ್ದರೇನು, ಬಿಲ್ಲು ಕೆಳಗಿಟ್ಟೇ ಕೂತಿರುತ್ತೇನೆ.

ತಾಳ್ಮೆಯಿಂದ ಕೇಳಿದ ಪಾದ್ರಿಗಳಿಗೂ, ಇಷ್ಟರಲ್ಲಿ ಎಚ್ಚರವಾಗಿರುವ ನನ್ನ ಕೆಲಸಗಾರರಿಗೂ, ತಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.